ಮಗಳ ಪೆಟ್ಟಿಗೆ

ಲಂಡನ್ ನಗರದಿಂದ ಆಗ್ನೇಯಕ್ಕೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಡೌನ್ ಎಂಬ ಸಣ್ಣ ಹಳ್ಳಿಯಿದೆ. ಸೀಮೆಸುಣ್ಣದ ದಿಣ್ಣೆಗಳ ನಡುವೆ ಹುದುಗಿಕೊಂಡಿರುವ ಆ ಊರಿಗೆ 1842ರ ಸೆಪ್ಟೆಂಬರ್ ತಿಂಗಳಲ್ಲಿ ಮೂವತ್ತಮೂರು ವರ್ಷ ವಯಸ್ಸಿನ ಗೃಹಸ್ಥನೊಬ್ಬನು ಹೆಂಡತಿಮಕ್ಕಳೊಡನೆ ಬಂದು ನೆಲೆಸಿದನು. ಹೊರಗಿನವರ ಕಣ್ಣಿಗೆ ಆತ ಮೃದುಸ್ವಭಾವದ, ಮೇಲಿಂದ ಮೇಲೆ ಕಾಯಿಲೆ ಬೀಳುವ ಒಬ್ಬ ಅನುಕೂಲಸ್ಥ, ಅಷ್ಟೆ. ಆದರೆ ಮುಂದಿನ ನಾಲ್ವತ್ತು ವರ್ಷಗಳಲ್ಲಿ ಅದೇ ಮನೆಯ ಓದುವ ಕೋಣೆಯಲ್ಲಿ ಕುಳಿತು ಆತ ಬರೆದ ಗ್ರಂಥಗಳು, ಜೀವಲೋಕದಲ್ಲಿ ತನ್ನ ಸ್ಥಾನವೇನೆಂಬ ಬಗ್ಗೆ ಮನುಷ್ಯನಿಗಿದ್ದ ಕಲ್ಪನೆಯನ್ನೇ ಬದಲಾಯಿಸಿದವು. ಆತನೇ ಚಾರ್ಲ್ಸ್ ಡಾರ್ವಿನ್. ಆ ಗ್ರಂಥಗಳ ಹೆಸರು ಲೋಕಕ್ಕೆಲ್ಲ ಗೊತ್ತು. ಅದೇ ಮನೆಯಲ್ಲಿ ಆತನ ಹೆಂಡತಿ ನಾಲ್ವತ್ತೈದು ವರ್ಷಗಳ ಕಾಲ ಜೋಪಾನವಾಗಿಟ್ಟುಕೊಂಡಿದ್ದ ಒಂದು ಪುಟ್ಟ ಪೆಟ್ಟಿಗೆಯ ಸಂಗತಿ ಮಾತ್ರ ಬಹುಕಾಲ ಹೊರಗಿನವರಾರಿಗೂ ತಿಳಿದಿರಲಿಲ್ಲ.

ಡಾರ್ವಿನ್ನನು ಹುಟ್ಟಿದ್ದು 1809ರ ಫೆಬ್ರವರಿ 12ರಂದು, ಶ್ರೂಸ್‌ಬರಿ ಎಂಬ ಪಟ್ಟಣದಲ್ಲಿ. ತಂದೆ ಹೆಸರಾಂತ ವೈದ್ಯ. ತಾಯಿ ಸುಸಾನಾ, ಪಿಂಗಾಣಿ ಪಾತ್ರೆಗಳ ತಯಾರಿಕೆಯಲ್ಲಿ ಪ್ರಖ್ಯಾತವಾಗಿದ್ದ ವೆಜ್‌ವುಡ್ ಮನೆತನದ ಹೆಣ್ಣುಮಗಳು. 1817ರಲ್ಲಿ ಆಕೆ ತೀರಿಕೊಂಡಾಗ ಬಾಲಕನಿಗೆ ಎಂಟು ವರ್ಷ. ಎಂಟು ವರ್ಷದ ಹುಡುಗನಿಗೆ ತಾಯಿಯ ಮುಖ, ದನಿ, ನಡೆನುಡಿಗಳು ಚೆನ್ನಾಗಿ ನೆನಪಿರಬೇಕಾದುದು ಸಹಜ. ಆದರೆ ವೃದ್ಧಾಪ್ಯದಲ್ಲಿ ತನ್ನ ಬಾಳಿನ ಕಥೆಯನ್ನು ಬರೆಯಲು ಕುಳಿತಾಗ ಡಾರ್ವಿನ್ನನಿಗೆ ತಾಯಿಯ ವಿಷಯದಲ್ಲಿ ಜ್ಞಾಪಕಕ್ಕೆ ಬಂದದ್ದು ಮೂರೇ ಮೂರು ಸಂಗತಿಗಳು: ಆಕೆಯ ಮರಣಶಯ್ಯೆ, ಆಕೆ ಧರಿಸುತ್ತಿದ್ದ ಕಪ್ಪು ಮಕಮಲ್ಲಿನ ನಿಲುವಂಗಿ, ವಿಚಿತ್ರ ರೀತಿಯಲ್ಲಿ ರಚಿಸಿದ್ದ ಆಕೆಯ ಕಸೂತಿ ಕೆಲಸದ ಮೇಜು. ಉಳಿದದ್ದೆಲ್ಲ ಅಳಿಸಿಹೋಗಿತ್ತು. ಮನುಷ್ಯರು ಮಾಸಿಹೋಗಿ ವಸ್ತುಗಳು ಮಾತ್ರ ಮನಸ್ಸಿನಲ್ಲಿ ನಿಲ್ಲುವುದೆಂದರೇನೆಂದು ಆತ ಚಿಕ್ಕಂದಿನಲ್ಲಿಯೇ ಕಂಡುಕೊಂಡಿದ್ದನು.

ವೈದ್ಯವಿದ್ಯೆಯನ್ನು ಕಲಿಯಲು ಹೋಗಿ ಅದನ್ನು ಅರ್ಧಕ್ಕೆ ಬಿಟ್ಟದ್ದು, ಪಾದ್ರಿಯಾಗಲೆಂದು ಕೇಂಬ್ರಿಡ್ಜಿಗೆ ಸೇರಿ ಅಲ್ಲಿ ಜೀರುಂಡೆಗಳನ್ನು ಸಂಗ್ರಹಿಸುತ್ತ ಕಾಲ ಕಳೆದದ್ದು, 1831ರ ಡಿಸೆಂಬರಿನಲ್ಲಿ ಬೀಗಲ್ ಎಂಬ ಹಡಗನ್ನೇರಿ ಐದು ವರ್ಷಗಳ ಕಾಲ ಭೂಮಂಡಲವನ್ನು ಸುತ್ತಿ ಬಂದದ್ದು—ಇವೆಲ್ಲ ಪ್ರಸಿದ್ಧವಾದ ಸಂಗತಿಗಳು. 1836ರ ಅಕ್ಟೋಬರಿನಲ್ಲಿ ಆತ ತಾಯ್ನಾಡಿಗೆ ಮರಳಿದನು. 1839ರ ಜನವರಿ 29ರಂದು ಎಮ್ಮಾ ವೆಜ್‌ವುಡ್ ಎಂಬಾಕೆಯನ್ನು ಮದುವೆಯಾದನು. ಎಮ್ಮಾ ಆತನಿಗೆ ಸ್ವಂತ ಸೋದರಮಾವನ ಮಗಳು. ನಮ್ಮ ನಾಡಿನಲ್ಲಿ ವಾಡಿಕೆಯಾಗಿ ನಡೆದುಬಂದಿರುವ ಇಂಥ ಸಂಬಂಧ ಆ ಕಾಲದ ಇಂಗ್ಲೆಂಡಿನ ಮೇಲ್ವರ್ಗದವರಲ್ಲಿಯೂ ಅಪರೂಪವಾಗಿರಲಿಲ್ಲ.

ಮದುವೆಯಾದ ವರ್ಷವೇ ಡಿಸೆಂಬರ್ ತಿಂಗಳ ಕೊನೆಯಲ್ಲಿ ಮೊದಲ ಮಗ ವಿಲಿಯಂ ಹುಟ್ಟಿದನು. ಮಗು ಹುಟ್ಟಿದಂದಿನಿಂದ ಡಾರ್ವಿನ್ನನು ಒಂದು ಟಿಪ್ಪಣಿ ಪುಸ್ತಕವನ್ನು ತೆರೆದನು. ಕೂಸು ಯಾವಾಗ ಆಕಳಿಸಿತು, ಯಾವಾಗ ಸೀನಿತು, ಯಾವ ದಿನ ಮೊದಲ ಬಾರಿಗೆ ನಕ್ಕಿತು, ಸಿಟ್ಟು ಬಂದಾಗ ಅದರ ಹುಬ್ಬು ಹೇಗೆ ಗಂಟಾಯಿತು ಎಂಬುದನ್ನೆಲ್ಲ ಅದರಲ್ಲಿ ಬರೆದಿಟ್ಟನು. ಹಕ್ಕಿಯನ್ನು ನೋಡುವಷ್ಟೇ ಎಚ್ಚರದಿಂದ ಆತ ತನ್ನ ಮಕ್ಕಳನ್ನು ನೋಡಿದನು. ಆದರೆ ಇದನ್ನು ಕೇವಲ ವಿಜ್ಞಾನಿಯ ಕುತೂಹಲವೆಂದು ತಿಳಿಯುವುದು ತಪ್ಪು. ನೋಡಿದುದನ್ನು ಬರೆದಿಡುವುದೇ ಆತನ ಪ್ರೀತಿಯ ರೀತಿಯೂ ಆಗಿದ್ದಿತು. 1841ರ ಮಾರ್ಚ್ 2ರಂದು ಎರಡನೆಯ ಮಗು ಹುಟ್ಟಿತು, ಹೆಣ್ಣು. ಆನ್ ಎಲಿಜಬೆತ್ ಎಂದು ಹೆಸರಿಟ್ಟರು. ಮನೆಯವರೆಲ್ಲರ ಬಾಯಲ್ಲಿ ಅವಳು ಆನಿ ಆದಳು. ಅದೇ ಟಿಪ್ಪಣಿ ಪುಸ್ತಕದಲ್ಲಿ ಆನಿಯ ವಿಷಯವೂ ಸೇರತೊಡಗಿತು.

ಡೌನ್ ಗ್ರಾಮಕ್ಕೆ ಬಂದ ಕೆಲವೇ ದಿನಗಳಲ್ಲಿ ಮೂರನೆಯ ಮಗು ಹುಟ್ಟಿ, ಮೂರು ವಾರ ಬದುಕಿ, ತೀರಿಕೊಂಡಿತು. ಆಮೇಲೆ ಹೆನ್ರಿಯೆಟಾ, ಜಾರ್ಜ್, ಎಲಿಜಬೆತ್, ಫ್ರಾನ್ಸಿಸ್, ಲೆನರ್ಡ್ ಎಂದು ಮಕ್ಕಳು ಒಬ್ಬರ ಹಿಂದೊಬ್ಬರು ಬಂದರು. ಶಿಸ್ತಿನ ಹೆಸರಿನಲ್ಲಿ ಮಕ್ಕಳನ್ನು ದೂರವಿಡುತ್ತಿದ್ದ ಕಾಲ ಅದು. ಡಾರ್ವಿನ್ನನ ಮನೆಯಲ್ಲಿ ಮಾತ್ರ ಮಕ್ಕಳದೇ ರಾಜ್ಯ. ಮೆಟ್ಟಲುಗಳ ಮೇಲೆ ಹಲಗೆಯನ್ನು ಒರಗಿಸಿಕೊಂಡು ಜಾರಿ ಇಳಿಯಲು ಅವರಿಗೆ ಅಡ್ಡಿಯಿರಲಿಲ್ಲ. ತಂದೆ ಸೂಕ್ಷ್ಮದರ್ಶಕದ ಮುಂದೆ ಕುಳಿತುಕೊಳ್ಳುತ್ತಿದ್ದ ಗಾಲಿಯ ಪೀಠವನ್ನು ಎಳೆದುಕೊಂಡು ಹೋಗಿ ದೋಣಿಯಾಟವಾಡುತ್ತಿದ್ದರು. ಆತ ಬರೆದು ಮುಗಿಸಿದ ಹಸ್ತಪ್ರತಿಯ ಹಾಳೆಗಳ ಬೆನ್ನಿನ ಮೇಲೆ ಬಣ್ಣದ ಚಿತ್ರ ಬರೆಯುತ್ತಿದ್ದರು. ಜಗತ್ತಿನ ಮಹಾಗ್ರಂಥವೊಂದರ ಕೆಲವು ಕೈಬರಹದ ಹಾಳೆಗಳು ಇಂದಿಗೂ ಉಳಿದುಬಂದಿರುವುದು, ಅವುಗಳ ಹಿಂಬದಿಯಲ್ಲಿ ಮಕ್ಕಳ ಚಿತ್ರಗಳಿದ್ದುದರಿಂದಲೇ ಎಂಬುದು ಸ್ವಾರಸ್ಯದ ಮಾತು. 1846ರಿಂದ ಎಂಟು ವರ್ಷಗಳ ಕಾಲ ಡಾರ್ವಿನ್ನನು ಬಾರ್ನಕಲ್ ಎಂಬ, ಹಡಗಿನ ತಳಕ್ಕೂ ಬಂಡೆಗಳಿಗೂ ಅಂಟಿಕೊಂಡು ಬದುಕುವ ಸಮುದ್ರಜೀವಿಗಳನ್ನು ಸೀಳಿ ಪರೀಕ್ಷಿಸುವ ಕೆಲಸದಲ್ಲಿ ಮುಳುಗಿದ್ದನು. ಎಲ್ಲ ಮನೆಗಳ ತಂದೆಯರ ಉದ್ಯೋಗವೂ ಅದೇ ಇರಬೇಕೆಂದು ನಂಬಿದ್ದ ಮಕ್ಕಳಲ್ಲೊಬ್ಬರು, ನೆರೆಮನೆಯ ಯಜಮಾನರು ತಮ್ಮ ಬಾರ್ನಕಲ್ಲುಗಳನ್ನು ಎಲ್ಲಿ ಕುಳಿತು ನೋಡುತ್ತಾರೆಂದು ವಿಚಾರಿಸಿದರೆಂದು ಆ ಮನೆತನದಲ್ಲಿ ಒಂದು ಕಥೆ ಉಳಿದಿದೆ.

ಈ ಮಕ್ಕಳ ಗುಂಪಿನಲ್ಲಿ ಆನಿ ತಂದೆಗೆ ಬಲು ಅಚ್ಚುಮೆಚ್ಚಿನವಳು. ವಯಸ್ಸಿಗೆ ಮೀರಿದ ಎತ್ತರ, ತಲೆಯನ್ನು ತುಸು ಹಿಂದಕ್ಕೆ ಎತ್ತಿಕೊಂಡ ನೆಟ್ಟನೆಯ ನಿಲುವು, ಸದಾ ಹಸನ್ಮುಖ. ತೋಟದ ಕೊನೆಯಲ್ಲಿ ಮರಗಳ ನಡುವೆ ಡಾರ್ವಿನ್ನನು ನಡೆದಾಡಲೆಂದು ಮಾಡಿಸಿಕೊಂಡಿದ್ದ ಮರಳುಹಾದಿಯೊಂದಿತ್ತು. ದಿನವೂ ಅಲ್ಲಿ ಸುತ್ತು ಹಾಕುತ್ತ ಆತ ಯೋಚನೆಯಲ್ಲಿ ತೊಡಗುತ್ತಿದ್ದನು. ಸುತ್ತುಗಳ ಲೆಕ್ಕ ತಪ್ಪದಿರಲೆಂದು ಬೆಣಚುಕಲ್ಲುಗಳನ್ನು ಗುರುತಿಗೆ ಇಟ್ಟುಕೊಳ್ಳುತ್ತಿದ್ದನು. ಆತ ಬಿರುಸಾಗಿ ನಡೆದರೂ ಆನಿ ಅವನಿಗಿಂತ ಮುಂದೆ ಬುಗುರಿಯಂತೆ ಗಿರ್ರನೆ ಸುತ್ತುತ್ತ ಕುಣಿಯುತ್ತ ಸಾಗುತ್ತಿದ್ದಳು. ಅರ್ಧ ಗಂಟೆಯ ಹೊತ್ತು ತಂದೆಯ ಕೂದಲನ್ನು ಬಾಚಿ ತಿದ್ದಿ ತೀಡುವುದು, ಅಂಗಿಯ ಕೊರಳುಪಟ್ಟಿಯನ್ನು ನೇವರಿಸಿ ಸರಿಪಡಿಸುವುದು ಅವಳಿಗೆ ಪ್ರಿಯವಾದ ಕೆಲಸ. ಡಾರ್ವಿನ್ನನಿಗೆ ನಸ್ಯ ಸೇದುವ ಚಟವಿತ್ತು. ಆರೋಗ್ಯಕ್ಕೆ ಕೆಡುಕೆಂದು ಅದನ್ನು ಆದಷ್ಟು ದೂರದಲ್ಲಿಡಿಸಿದ್ದನು. ಆನಿ ಒಂದು ಚಿಟಿಕೆ ನಸ್ಯವನ್ನು ಕದ್ದು, ಮೆಟ್ಟಲಿಳಿದು ಓಡಿಬಂದು ತಂದೆಗೆ ಕೊಡುವಳು. ಕೊಡುವಾಗ ಅವಳ ಮುಖದಲ್ಲಿ ಹೊಳೆಯುತ್ತಿದ್ದ ಸಂತೋಷವನ್ನು ಆತ ಎಂದೂ ಮರೆಯಲಿಲ್ಲ.

ಆನಿಯ ಇನ್ನೊಂದು ಗುಣ ಅವಳು ಆ ತಂದೆಯ ಮಗಳೇ ಎಂಬುದನ್ನು ತೋರಿಸುತ್ತಿತ್ತು. ನಿಘಂಟಿನಲ್ಲಿ ಪದಗಳನ್ನು ಹುಡುಕುವುದು, ಭೂಪಟದಲ್ಲಿ ಊರುಗಳನ್ನು ಪತ್ತೆಹಚ್ಚುವುದು, ಒಂದೇ ಪುಸ್ತಕದ ಎರಡು ಮುದ್ರಣಗಳನ್ನು ಪಕ್ಕಪಕ್ಕದಲ್ಲಿಟ್ಟು ಪದಪದವಾಗಿ ಹೋಲಿಸಿ ನೋಡುವುದು—ಇವು ಅವಳಿಗೆ ಆಟಗಳಾಗಿದ್ದವು. ಬಣ್ಣಗಳ ಹೆಸರುಗಳನ್ನು ಮಾದರಿಯೊಡನೆ ಕೊಟ್ಟಿದ್ದ ಪುಸ್ತಕವೊಂದು ಡಾರ್ವಿನ್ನನ ಬಳಿ ಇದ್ದಿತು. ಕೈಗೆ ಸಿಕ್ಕಿದ ವಸ್ತುಗಳನ್ನೆಲ್ಲ ಅದರ ಪಕ್ಕದಲ್ಲಿ ಹಿಡಿದು ಬಣ್ಣ ಯಾವುದೆಂದು ತೀರ್ಮಾನಿಸುತ್ತ ಅವಳು ಗಂಟೆಗಟ್ಟಲೆ ಕುಳಿತಿರುತ್ತಿದ್ದಳು. ಕಾಗದ ಬರೆಯುವುದರಲ್ಲಿಯೂ ಅವಳಿಗೆ ಆಸಕ್ತಿ. ಲೇಖನಿ, ಕಾಗದ, ಅರಗುಗಳನ್ನು ಇಟ್ಟುಕೊಳ್ಳಲು ಅವಳಿಗೆ ತನ್ನದೇ ಆದ ಒಂದು ಪುಟ್ಟ ಬರಹದ ಪೆಟ್ಟಿಗೆಯಿತ್ತು. 1849ರಲ್ಲಿ ಅವಳ ಒಂದು ಭಾವಚಿತ್ರವನ್ನು ತೆಗೆಸಲಾಯಿತು. ಛಾಯಾಚಿತ್ರಕಲೆ ಆಗಷ್ಟೇ ಹುಟ್ಟಿತ್ತು. ಬೆಳ್ಳಿಯ ಲೇಪನ ಮಾಡಿದ ತಾಮ್ರದ ತಗಡಿನ ಮೇಲೆ ಚಿತ್ರ ಮೂಡಿಸುತ್ತಿದ್ದರು. ಅಲುಗಾಡದೆ ಕುಳಿತಿರಬೇಕಾಗಿದ್ದುದರಿಂದ ಚಿತ್ರದಲ್ಲಿ ಆನಿಯ ಮುಖ ಗಂಭೀರವಾಗಿದೆ. ರೂಪವೇನೋ ಅವಳದೇ, ಆದರೆ ಮುಖಭಾವ ಅವಳದಲ್ಲವೆಂದು ತಂದೆಗೆ ಕೊರತೆಯಾಗಿಯೇ ಉಳಿಯಿತು.

ಆ ದಿನಗಳಲ್ಲಿ ಡಾರ್ವಿನ್ನನನ್ನು ವಾಂತಿ, ತಲೆಸುತ್ತು, ನಿಶ್ಶಕ್ತಿಗಳು ಬಿಡದೆ ಕಾಡುತ್ತಿದ್ದವು. ಪಶ್ಚಿಮ ಇಂಗ್ಲೆಂಡಿನ ಮಾಲ್ವರ್ನ್ ಎಂಬ ಗಿರಿಪಟ್ಟಣದಲ್ಲಿ ಡಾಕ್ಟರ್ ಜೇಮ್ಸ್ ಗಲ್ಲಿ ಎಂಬಾತ ಜಲಚಿಕಿತ್ಸೆಯನ್ನು ನಡೆಸುತ್ತಿದ್ದನು. ಒದ್ದೆ ಬಟ್ಟೆಯಲ್ಲಿ ಮೈಯನ್ನು ಸುತ್ತುವುದು, ತಣ್ಣೀರನ್ನು ಸುರಿಯುವುದು, ಬೆಟ್ಟದ ಬುಗ್ಗೆಗಳ ನೀರು ಕುಡಿಸಿ ನಡೆದಾಡಿಸುವುದು ಆ ಚಿಕಿತ್ಸೆಯ ಕ್ರಮ. 1849ರಲ್ಲಿ ಡಾರ್ವಿನ್ನನು ಕುಟುಂಬಸಮೇತ ಅಲ್ಲಿಗೆ ಹೋಗಿ ಕೆಲವು ತಿಂಗಳು ಉಳಿದು, ಗುಣ ಕಂಡು ಹಿಂದಿರುಗಿದ್ದನು. ಅದೇ ವರ್ಷ ಆನಿಗೂ ಅವಳ ತಂಗಿಯರಿಗೂ ಸ್ಕಾರ್ಲೆಟ್ ಜ್ವರ ಬಂದಿತು. ತಂಗಿಯರು ಚೇತರಿಸಿಕೊಂಡರು. ಆನಿಯ ಮೈ ಮಾತ್ರ ಮತ್ತೆ ಮೊದಲಿನಂತೆ ಆಗಲೇ ಇಲ್ಲ. 1850ರ ಬೇಸಗೆಯಿಂದ ಅವಳು ಕಾರಣವಿಲ್ಲದೆ ಅಳತೊಡಗಿದಳು; ರಾತ್ರಿ ನಿದ್ದೆ ಕೆಟ್ಟಿತು. ಸಮುದ್ರದ ಗಾಳಿಯಿಂದ ಗುಣವಾದೀತೆಂದು ಕರಾವಳಿಯ ಊರಿಗೆ ಕರೆದೊಯ್ದರು; ಪ್ರಯೋಜನವಾಗಲಿಲ್ಲ. ಡಾರ್ವಿನ್ನನು ತಾನೇ ಮನೆಯಲ್ಲಿ ಅವಳಿಗೆ ಜಲಚಿಕಿತ್ಸೆಯನ್ನು ಪ್ರಾರಂಭಿಸಿದನು. ಒಂದು ಹಾಳೆಯ ಮೇಲೆ ದಿನಾಂಕಗಳನ್ನು ಬರೆದು, ಅವುಗಳ ಮುಂದೆ ಹಗಲು ಹೇಗಿದ್ದಳು, ರಾತ್ರಿ ಹೇಗಿದ್ದಳು ಎಂಬುದನ್ನು ಒಂದೊಂದು ಮಾತಿನಲ್ಲಿ ಗುರುತು ಹಾಕುತ್ತ ಹೋದನು. ಬಾರ್ನಕಲ್ಲುಗಳ ಟಿಪ್ಪಣಿಗಳನ್ನು ಬರೆದ ಕೈಯೇ ಅದನ್ನೂ ಬರೆಯಿತು.

1851ರ ಮಾರ್ಚ್ ತಿಂಗಳ ಕೊನೆಯಲ್ಲಿ ಆತ ಆನಿಯನ್ನು ಡಾಕ್ಟರ್ ಗಲ್ಲಿಯ ಬಳಿಗೆ ಕರೆದೊಯ್ದನು. ಜೊತೆಗಿರಲೆಂದು ತಂಗಿ ಹೆನ್ರಿಯೆಟಾಳನ್ನೂ ದಾದಿಯನ್ನೂ ಅಲ್ಲಿಯೇ ಬಿಟ್ಟು, ಕೆಲವು ದಿನಗಳ ನಂತರ ಡೌನ್‌ಗೆ ಮರಳಿದನು. ಮನೆಪಾಠದ ಉಪಾಧ್ಯಾಯಿನಿಯೂ ಮಾಲ್ವರ್ನಿಗೆ ಹೋಗಿ ಸೇರಿದಳು. ಎಮ್ಮಾ ತುಂಬು ಗರ್ಭಿಣಿಯಾಗಿದ್ದುದರಿಂದ ಮನೆಯನ್ನು ಬಿಟ್ಟು ಹೊರಡುವಂತಿರಲಿಲ್ಲ. ಏಪ್ರಿಲ್ ತಿಂಗಳ ನಡುವಿನಲ್ಲಿ ಆನಿಗೆ ಜ್ವರ ಏರಿ ವಾಂತಿ ಹಿಡಿಯಿತೆಂದು ಕರೆ ಬಂದಿತು. ಡಾರ್ವಿನ್ನನು ಧಾವಿಸಿದನು. ಏಪ್ರಿಲ್ 17ರಂದು ಆತ ತಲಪಿದಾಗ ಮಗಳ ಮುಖ ಗುರುತು ಸಿಗದಷ್ಟು ಸೊರಗಿ ಹೋಗಿತ್ತು.

ಮುಂದಿನ ಆರು ದಿನಗಳ ವಿವರ ಗಂಡಹೆಂಡಿರ ನಡುವೆ ಓಡಾಡಿದ ಕಾಗದಗಳಲ್ಲಿ ಉಳಿದಿದೆ. ಹಾಸಿಗೆಯ ಪಕ್ಕದಲ್ಲಿ ಕುಳಿತ ಡಾರ್ವಿನ್ನನು ದಿನಕ್ಕೆ ಒಂದಲ್ಲ, ಹಲವು ಸಲ ಎಮ್ಮಾಳಿಗೆ ಬರೆದನು. ನಾಡಿ ಹೇಗಿದೆ, ಎಷ್ಟು ಚಮಚ ಗಂಜಿ ಒಳಗೆ ಹೋಯಿತು, ಎಷ್ಟು ಹೊತ್ತು ನಿದ್ರಿಸಿದಳು ಎಂಬುದನ್ನೆಲ್ಲ ಗಂಟೆಗಳ ಲೆಕ್ಕದಲ್ಲಿ ತಿಳಿಸಿದನು. ಬೆಳಗ್ಗೆ ಮೂಡಿದ ಆಸೆ ಸಂಜೆಗೆ ಕಮರುತ್ತಿತ್ತು. ಅಂಚೆ ತಲಪಲು ಒಂದು ದಿನ ಹಿಡಿಯುತ್ತಿದ್ದುದರಿಂದ, ಮಗಳು ಕೊಂಚ ಸುಧಾರಿಸಿದಳೆಂದು ಓದಿ ತಾಯಿ ಡೌನ್‌ನಲ್ಲಿ ಸಮಾಧಾನದ ಉಸಿರು ಬಿಡುವ ಹೊತ್ತಿಗೆ ಮಾಲ್ವರ್ನಿನಲ್ಲಿ ಸ್ಥಿತಿ ಮತ್ತೆ ಬಿಗಡಾಯಿಸಿರುತ್ತಿತ್ತು. ಎಮ್ಮಾಳ ಅಣ್ಣನ ಹೆಂಡತಿ ಫ್ಯಾನಿ ಶುಶ್ರೂಷೆಗಾಗಿ ಬಂದು ಸೇರಿಕೊಂಡಳು. ಅಷ್ಟೊಂದು ಸಂಕಟದಲ್ಲಿಯೂ ಆನಿ ಸಿಡುಕಲಿಲ್ಲ. ಬಾಯಿಗೆ ನೀರು ಹಾಕಿದ ತಂದೆಗೆ ಕ್ಷೀಣವಾದ ದನಿಯಲ್ಲಿ ಉಪಕಾರ ಹೇಳಿದಳು. ಅವಳು ಆತನೊಡನೆ ಆಡಿದ ಕೊನೆಯ ಮಾತುಗಳಲ್ಲಿ ಅದೊಂದು. 1851ರ ಏಪ್ರಿಲ್ 23ರ ನಡುಹಗಲಿನಲ್ಲಿ ಆನಿ ಶಾಂತವಾಗಿ ಕೊನೆಯುಸಿರೆಳೆದಳು. ಆಗ ಅವಳಿಗೆ ಹತ್ತು ವರ್ಷ, ಏಳು ವಾರ. ಕ್ಷಯವೇ ಕಾರಣವಾಗಿದ್ದಿರಬಹುದೆಂದು ಇತ್ತೀಚಿನವರು ಊಹಿಸಿದ್ದಾರೆ. ಕ್ಷಯರೋಗದ ಜೀವಾಣುವನ್ನು ಲೋಕ ಗುರುತಿಸಿದ್ದು 1882ರಲ್ಲಿ. ಅಂದು ಗಲ್ಲಿಯ ಕೈಯಲ್ಲಾಗಲಿ ಬೇರೆ ಯಾವ ವೈದ್ಯನ ಕೈಯಲ್ಲಾಗಲಿ ಅದಕ್ಕೆ ಮದ್ದಿರಲಿಲ್ಲ.

ಡಾರ್ವಿನ್ನನು ಮಗಳ ಅಂತ್ಯಸಂಸ್ಕಾರಕ್ಕೆ ನಿಲ್ಲಲಿಲ್ಲ. ಇದನ್ನು ಕೇಳಿದವರಿಗೆ ಆಶ್ಚರ್ಯವಾಗಬಹುದು. ಆದರೆ ಡೌನ್‌ನಲ್ಲಿ ಹೆರಿಗೆಯ ದಿನಗಳನ್ನು ಎಣಿಸುತ್ತಿದ್ದ ಎಮ್ಮಾ ಈ ಸುದ್ದಿಯನ್ನು ಒಬ್ಬಳೇ ಎದುರಿಸುವಂತಾಗಬಾರದೆಂದು ಆತ ಮರುದಿನವೇ ಹೊರಟು ಮನೆಗೆ ಹೋದನು. ಫ್ಯಾನಿಯೂ ಅವಳ ಗಂಡನೂ ನಿಂತು ಆನಿಯನ್ನು ಮಾಲ್ವರ್ನಿನ ಇಗರ್ಜಿಯ ಅಂಗಳದಲ್ಲಿ ಮಣ್ಣುಮಾಡಿಸಿದರು. ಹೆಸರು, ಹುಟ್ಟಿದ ಮತ್ತು ತೀರಿಕೊಂಡ ದಿನಾಂಕಗಳು, ಅವಳು ಒಳ್ಳೆಯ ಮುದ್ದುಮಗುವಾಗಿದ್ದಳೆಂಬ ಒಂದು ಚಿಕ್ಕ ಮಾತು—ಇಷ್ಟನ್ನು ಕೆತ್ತಿದ ಶಿಲೆಯೊಂದನ್ನು ಅಲ್ಲಿ ನಿಲ್ಲಿಸಲಾಯಿತು. ಎಮ್ಮಾ ಪ್ರತಿದಿನವೂ ಚಿಕ್ಕ ದಿನಚರಿಯೊಂದನ್ನು ಇಡುತ್ತಿದ್ದಳು. ಏಪ್ರಿಲ್ 23ರ ಎದುರಿಗೆ ಆಕೆ ಬರೆದದ್ದು ಗಂಟೆಯನ್ನು ಮಾತ್ರ: ಹನ್ನೆರಡು. ಮೂರು ವಾರಗಳ ತರುವಾಯ, ಮೇ 13ರಂದು, ಆಕೆ ಹೋರೆಸ್ ಎಂಬ ಗಂಡುಮಗುವನ್ನು ಹೆತ್ತಳು.

ಆನಿ ತೀರಿಕೊಂಡ ಏಳನೆಯ ದಿನ, ಏಪ್ರಿಲ್ 30ರಂದು, ಡಾರ್ವಿನ್ನನು ಬರೆಯಲು ಕುಳಿತನು. ಮರಳುಹಾದಿಯ ಕುಣಿತ, ನಸ್ಯದ ಚಿಟಿಕೆ, ಕೂದಲು ಬಾಚುವ ಆಟ, ಬಣ್ಣಗಳ ಪುಸ್ತಕ—ಇಲ್ಲಿಯವರೆಗೆ ಹೇಳಿರುವ ಆನಿಯ ಗುಣಗಳೆಲ್ಲ ಹೆಚ್ಚುಕಡಮೆ ಆ ಬರಹದಿಂದಲೇ ತಿಳಿದುಬಂದವು. ಪ್ರಕಟಿಸಲೆಂದು ಬರೆದ ಬರಹವಲ್ಲ ಅದು. ತಾವು ಮುಂದೆ ಬದುಕಿರುವಷ್ಟು ಕಾಲ ಮಗಳ ರೂಪ, ಸ್ವಭಾವಗಳು ಸ್ಪಷ್ಟವಾಗಿ ಕಣ್ಣೆದುರಿಗೆ ಬರಲು ನೆರವಾಗಲೆಂದು ಬರೆದದ್ದಾಗಿ ಆತ ಅಲ್ಲಿಯೇ ಹೇಳಿಕೊಂಡಿದ್ದಾನೆ. ಕಪ್ಪು ನಿಲುವಂಗಿಯನ್ನೂ ಮೇಜನ್ನೂ ಬಿಟ್ಟರೆ ತಾಯಿಯ ನೆನಪನ್ನೆಲ್ಲ ಕಳೆದುಕೊಂಡಿದ್ದ ಮನುಷ್ಯ, ಏಳೇ ದಿನಗಳಲ್ಲಿ ಲೇಖನಿ ಹಿಡಿದುದರಲ್ಲಿ ಅಚ್ಚರಿಯಿಲ್ಲ.

ಎಮ್ಮಾ ಬರೆಯಲಿಲ್ಲ, ಮಾತನಾಡಲೂ ಇಲ್ಲ. ತಾಯಿ ಆನಿಯ ಹೆಸರೆತ್ತುತ್ತಿದ್ದುದೇ ಅಪರೂಪವೆಂದು ಹೆನ್ರಿಯೆಟಾ ಮುಂದೆ ನೆನಪು ಮಾಡಿಕೊಂಡಿದ್ದಾಳೆ. ತಂದೆಯೂ ಮಕ್ಕಳ ಮುಂದೆ ಆ ವಿಷಯವನ್ನು ತೆಗೆಯುತ್ತಿರಲಿಲ್ಲ. ಅಕ್ಕ ಹೋದಾಗ ಹೆನ್ರಿಯೆಟಾಳಿಗೆ ಏಳು ವರ್ಷ ತುಂಬಿತ್ತು. ದೊಡ್ಡವರ ಮೌನದ ನಡುವೆ ಆ ಮಗು ತನ್ನ ಪ್ರಶ್ನೆಗಳನ್ನು ತನ್ನಲ್ಲಿಯೇ ಇಟ್ಟುಕೊಂಡು ಬೆಳೆಯಬೇಕಾಯಿತು. ಎಮ್ಮಾ ಮಾಡಿದುದು ಒಂದೇ ಕೆಲಸ: ಮಗಳ ಬರಹದ ಪೆಟ್ಟಿಗೆಯನ್ನು ತೆಗೆದಿಟ್ಟುಕೊಂಡಳು.

ಹನ್ನೆರಡು ವರ್ಷಗಳು ಉರುಳಿದವು. 1863ರ ಸೆಪ್ಟೆಂಬರಿನಲ್ಲಿ ಡಾರ್ವಿನ್ನನ ಆರೋಗ್ಯ ತೀರ ಹದಗೆಟ್ಟದ್ದರಿಂದ ಕುಟುಂಬ ಮತ್ತೆ ಮಾಲ್ವರ್ನಿಗೆ ಹೋಗಬೇಕಾಯಿತು. ಎಮ್ಮಾ ಇಗರ್ಜಿಯ ಅಂಗಳಕ್ಕೆ ಹೋಗಿ ಮಗಳ ಸಮಾಧಿಯನ್ನು ಹುಡುಕಿದಳು. ಶಿಲೆ ಕಾಣಲಿಲ್ಲ. ಅಲ್ಲಿನ ಕಾವಲುಗಾರನೂ ಹುಡುಕಿ, ಅದು ಕಾಣೆಯಾಗಿದೆಯೆಂದು ಕೈಚೆಲ್ಲಿದನು. ಡಾರ್ವಿನ್ನನು ಹಿಂದೊಮ್ಮೆ ಆ ಸಮಾಧಿಯನ್ನು ನೋಡಿ ಬಂದಿದ್ದ ತನ್ನ ಬಂಧು ವಿಲಿಯಂ ಫಾಕ್ಸನಿಗೆ ಕಾಗದ ಬರೆದು, ಶಿಲೆ ಎಲ್ಲಿತ್ತೆಂಬ ನೆನಪಿದೆಯೇ ಎಂದು ಕೇಳಿದನು. ಫಾಕ್ಸನು ಗುರುತುಗಳನ್ನು ತಿಳಿಸಿದನು. ಶಿಲೆ ಎಲ್ಲಿಗೂ ಹೋಗಿರಲಿಲ್ಲ, ಸಿಕ್ಕಿತು.

ಅದೇ ತಿಂಗಳ ಕೊನೆಯಲ್ಲಿ ಡಾರ್ವಿನ್ನನ ಆಪ್ತಮಿತ್ರ ಜೋಸೆಫ್ ಹೂಕರನ ಆರು ವರ್ಷದ ಮಗಳು ತೀರಿಕೊಂಡಳು. ಭಾರತದ ಸಸ್ಯಗಳನ್ನು ಕುರಿತು ಮುಂದೆ ಏಳು ಸಂಪುಟಗಳ ಮಹಾಗ್ರಂಥವನ್ನು ಹೊರತಂದ ಸಸ್ಯಶಾಸ್ತ್ರಜ್ಞ ಈ ಹೂಕರ್. ಮಗು ಕಣ್ಮುಚ್ಚಿದ ಒಂದು ಗಂಟೆಯೊಳಗೆ ಆತ ಡಾರ್ವಿನ್ನನಿಗೆ ಕಾಗದ ಬರೆದನು. ಓದಿ ಡಾರ್ವಿನ್ನನು ಆನಿಯನ್ನು ನೆನೆದು ಅತ್ತನು. ಕಣ್ಣೀರು ಇನ್ನೂ ಬರುತ್ತದೆ, ಆದರೆ ಅದರಲ್ಲಿ ಮೊದಲಿನ ಕಹಿಯಿಲ್ಲವೆಂದು ಗೆಳೆಯನಿಗೆ ತಿಳಿಸಿದನು. ಬೇರೆ ಯಾವ ಸಾಂತ್ವನವನ್ನೂ ಆತ ಕೃತಕವಾಗಿ ಹೇಳಲು ಹೋಗಲಿಲ್ಲ.

ಈ ಹನ್ನೆರಡು ವರ್ಷಗಳ ನಡುವೆ ಇನ್ನೊಂದು ಮಗುವೂ ಹೋಗಿತ್ತು. 1858ರ ಜೂನ್ ತಿಂಗಳಲ್ಲಿ ಆಲ್‌ಫ್ರೆಡ್ ವಾಲೇಸ್ ಎಂಬ ನಿಸರ್ಗಶಾಸ್ತ್ರಜ್ಞನಿಂದ ಡಾರ್ವಿನ್ನನಿಗೆ ಒಂದು ಲಕೋಟೆ ಬಂದಿತು. ತಾನು ಇಪ್ಪತ್ತು ವರ್ಷಗಳಿಂದ ಯಾರಿಗೂ ಪ್ರಕಟವಾಗಿ ಹೇಳದೆ ಬೆಳೆಸಿಕೊಂಡು ಬಂದಿದ್ದ ಸಿದ್ಧಾಂತವನ್ನೇ ಆತನೂ ಕಂಡುಕೊಂಡಿದ್ದನು. ವಿಜ್ಞಾನದ ಚರಿತ್ರೆಯಲ್ಲಿ ಇದೊಂದು ಮಹತ್ತ್ವದ ಘಟ್ಟ. ಆದರೆ ಆ ವಾರಗಳಲ್ಲಿ ಡಾರ್ವಿನ್ನನ ಮನಸ್ಸು ಬೇರೆಡೆಯಲ್ಲಿತ್ತು. ಕೊನೆಯ ಕೂಸು ಚಾರ್ಲ್ಸನು ಸ್ಕಾರ್ಲೆಟ್ ಜ್ವರದಿಂದ ಜೂನ್ 28ರಂದು ತೀರಿಕೊಂಡನು. ಜುಲೈ 1ರಂದು ಲಂಡನ್ನಿನ ಲಿನೀಯನ್ ಸೊಸೈಟಿಯ ಸಭೆಯಲ್ಲಿ ಇಬ್ಬರ ಲೇಖನಗಳನ್ನೂ ಒಟ್ಟಿಗೆ ಓದಿದಾಗ ಡಾರ್ವಿನ್ನನು ಅಲ್ಲಿರಲಿಲ್ಲ. ಮರುವರ್ಷದ ನವೆಂಬರ್ 24ರಂದು ಜೀವಜಾತಿಗಳ ಉಗಮವನ್ನು ಕುರಿತ ಆತನ ಗ್ರಂಥ ಹೊರಬಂದಿತು.

ಆನಿಯ ಸಾವು ತಂದೆಯ ವಿಚಾರಗಳ ಮೇಲೆ ಎಷ್ಟು ಪರಿಣಾಮ ಮಾಡಿತೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ದೇವರಲ್ಲಿ ಆತನಿಗಿದ್ದ ನಂಬಿಕೆ ಆ ದಿನದೊಡನೆ ಮುಗಿಯಿತೆಂದು ಕೆಲವರು ಹೇಳುತ್ತಾರೆ. ಸಂದೇಹಗಳು ಅದಕ್ಕೆ ಬಹಳ ಮೊದಲೇ ಮೊಳೆತಿದ್ದವು, ಮಗಳ ಸಾವಿಗೆ ಅವನ್ನು ಗಂಟುಹಾಕಲು ಆಧಾರ ಸಾಲದೆಂದು ಬೇರೆಯವರ ವಾದ. ಎರಡನೆಯ ಮಾತೇ ಹೆಚ್ಚು ತೂಕದ್ದಾಗಿ ಕಾಣುತ್ತದೆ. ಆದರೆ ಒಂದು ವಿಷಯದಲ್ಲಿ ಆತನ ಮನೆಯ ಚಿಂತೆಯೂ ವಿಜ್ಞಾನವೂ ಕೂಡಿಕೊಂಡುದು ನಿಜ. ಗಂಡಹೆಂಡಿರು ರಕ್ತಸಂಬಂಧಿಗಳಾದುದರಿಂದ ಮಕ್ಕಳ ದೇಹ ದುರ್ಬಲವಾಯಿತೋ ಏನೋ ಎಂಬ ಅಳುಕು ಆತನನ್ನು ಬಿಡಲಿಲ್ಲ. 1871ರ ಜನಗಣತಿಯಲ್ಲಿ ಸೋದರಸಂಬಂಧದ ಮದುವೆಗಳ ಬಗ್ಗೆಯೂ ಪ್ರಶ್ನೆಯನ್ನು ಸೇರಿಸಬೇಕೆಂದು, ಸಂಸತ್ತಿನ ಸದಸ್ಯನೂ ನೆರೆಯವನೂ ಆಗಿದ್ದ ಜಾನ್ ಲಬಕನ ಮೂಲಕ ಯತ್ನಿಸಿದನು; ಸಂಸತ್ತು ಒಪ್ಪಲಿಲ್ಲ. ಮಗ ಜಾರ್ಜನು ತಾನೇ ಅಂಕಿಅಂಶಗಳನ್ನು ಕೂಡಿಹಾಕಿ, 1875ರಲ್ಲಿ, ಜನರು ಭಾವಿಸಿದಷ್ಟು ಅಪಾಯ ಅದರಲ್ಲಿಲ್ಲವೆಂಬ ತೀರ್ಮಾನಕ್ಕೆ ಬಂದನು. ಡಾರ್ವಿನ್ನನಾದರೋ ಹನ್ನೊಂದು ವರ್ಷ ಸಸ್ಯಗಳ ಮೇಲೆ ಪ್ರಯೋಗ ನಡೆಸಿ, ತಮ್ಮದೇ ಪರಾಗದಿಂದ ಹುಟ್ಟಿದ ಸಸಿಗಳು ಬೇರೆ ಗಿಡದ ಪರಾಗದಿಂದ ಹುಟ್ಟಿದವುಗಳಿಗಿಂತ ಸಾಮಾನ್ಯವಾಗಿ ಕುಳ್ಳಾಗಿಯೂ ಬಲಹೀನವಾಗಿಯೂ ಇರುವುದನ್ನು ತೋರಿಸುವ ಗ್ರಂಥವನ್ನು 1876ರಲ್ಲಿ ಪ್ರಕಟಿಸಿದನು.

ಅದೇ ವರ್ಷ ಆತ ಮನೆಯವರಿಗಾಗಿ ಆತ್ಮಕಥೆಯನ್ನು ಬರೆಯಲಾರಂಭಿಸಿದನು. ತನ್ನ ಸಂಸಾರ ಕಂಡ ತೀವ್ರವಾದ ದುಃಖ ಆನಿಯ ಅಗಲಿಕೆಯೊಂದೇ ಎಂದೂ, ಅವಳ ಮುದ್ದಾದ ರೀತಿಗಳನ್ನು ನೆನೆದರೆ ಈಗಲೂ ಒಮ್ಮೊಮ್ಮೆ ಕಣ್ಣು ತುಂಬುತ್ತವೆಂದೂ ಅಲ್ಲಿ ಹೇಳಿದ್ದಾನೆ. ವಿಚಿತ್ರವೆಂದರೆ, ಅವಳು ತೀರಿಕೊಂಡ ದಿನವನ್ನು ಆತ ಏಪ್ರಿಲ್ 24 ಎಂದು ಬರೆದಿದ್ದಾನೆ. ಎಮ್ಮಾಳ ದಿನಚರಿಯೂ ಮಾಲ್ವರ್ನಿನ ಶಿಲೆಯೂ 23 ಎಂದೇ ಹೇಳುತ್ತವೆ. ಒಂದು ಹುಳುವಿನ ಚಲನೆಯನ್ನೂ ತಪ್ಪಿಲ್ಲದೆ ದಾಖಲಿಸುತ್ತಿದ್ದ ಮನುಷ್ಯನಿಗೆ ಇಪ್ಪತ್ತೈದು ವರ್ಷಗಳ ತರುವಾಯ ಆ ದಿನವೇ ತಪ್ಪಿಹೋಗಿತ್ತು. ಅವಳ ಮುಖ ತಪ್ಪಿರಲಿಲ್ಲ.

1882ರ ಏಪ್ರಿಲ್ 19ರಂದು ಡಾರ್ವಿನ್ನನು ಡೌನ್ ಮನೆಯಲ್ಲಿ ನಿಧನ ಹೊಂದಿದನು. ರಾಷ್ಟ್ರದ ಗೌರವದೊಡನೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಆತನನ್ನು ಸಮಾಧಿ ಮಾಡಲಾಯಿತು. 1887ರಲ್ಲಿ ಮಗ ಫ್ರಾನ್ಸಿಸನು ತಂದೆಯ ಜೀವನಚರಿತ್ರೆಯನ್ನು ಪ್ರಕಟಿಸಿದಾಗ, ಆನಿಯನ್ನು ಕುರಿತ ಬರಹದ ಭಾಗವನ್ನು ಅದರಲ್ಲಿ ಸೇರಿಸಿದನು. ಎಮ್ಮಾ 1896ರ ಅಕ್ಟೋಬರ್ 2ರಂದು ಎಂಬತ್ತೆಂಟನೆಯ ವಯಸ್ಸಿನಲ್ಲಿ ಕಾಲವಾದಳು. ಬರಹದ ಪೆಟ್ಟಿಗೆ ಕೊನೆಯವರೆಗೂ ಆಕೆಯ ಬಳಿಯಲ್ಲಿಯೇ ಇತ್ತು.

ಆಮೇಲೆ ಅದು ತಲೆಮಾರಿನಿಂದ ತಲೆಮಾರಿಗೆ ಮನೆತನದ ಇತರ ಹಳೆಯ ಸಾಮಾನುಗಳೊಡನೆ ಸಾಗಿತು. ಆನಿಯ ತಮ್ಮ ಜಾರ್ಜನ ಮರಿಮಗ ರಾಂಡಲ್ ಕೇನ್ಸ್ ಎಂಬಾತನು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆ ಸಾಮಾನುಗಳನ್ನು ತೆಗೆದು ನೋಡುತ್ತಿದ್ದಾಗ ಅದು ಆತನ ಕೈಗೆ ಸಿಕ್ಕಿತು. ಮೊದಲ ನೋಟಕ್ಕೆ ಅದರಲ್ಲಿ ವಿಶೇಷವೇನೂ ಕಾಣುವಂತಿರಲಿಲ್ಲ. ಮಗುವೊಂದರ ಆಟಪಾಠದ ಸಾಮಗ್ರಿ. ಆದರೆ ಒಳಗಿನ ವಸ್ತುಗಳನ್ನು ಒಂದೊಂದಾಗಿ ಹೊರತೆಗೆದಂತೆ ಕೇನ್ಸನಿಗೆ ಅದು ಯಾರದೆಂದೂ, ಯಾರು ಕಾಪಾಡಿದರೆಂದೂ ಹೊಳೆಯಿತು. ಅದರ ಜಾಡನ್ನೇ ಹಿಡಿದು ಹೊರಟ ಆತ ಡಾರ್ವಿನ್ನನ ಕೌಟುಂಬಿಕ ಜೀವನವನ್ನೂ ವೈಜ್ಞಾನಿಕ ಚಿಂತನೆಯನ್ನೂ ಒಟ್ಟಿಗೆ ನೋಡುವ ಪುಸ್ತಕವೊಂದನ್ನು 2001ರಲ್ಲಿ ಹೊರತಂದನು. ಡಾರ್ವಿನ್ನನೆಂದರೆ ಉದ್ದನೆಯ ಬಿಳಿಯ ಗಡ್ಡದ ನಿಷ್ಠುರ ಚಿಂತಕನೆಂದು ತಿಳಿದಿದ್ದ ಅನೇಕರಿಗೆ ಆ ಪುಸ್ತಕದಿಂದ ಬೇರೊಬ್ಬ ಡಾರ್ವಿನ್ ಪರಿಚಯವಾದನು. ಕೇನ್ಸನು 2023ರಲ್ಲಿ ನಿಧನನಾದನು.

ಪೆಟ್ಟಿಗೆಯಲ್ಲಿದ್ದವು ಇವು: ಮಸಿಯ ಕಲೆಯಿದ್ದ ಗರಿಯ ಲೇಖನಿಗಳು, ಕಾಗದ ಮತ್ತು ಲಕೋಟೆಗಳು, ಅವುಗಳಿಗೆ ಮುದ್ರೆ ಹಾಕಲು ಬೇಕಾದ ಅರಗು, ಕಸೂತಿಯ ದಾರ. ಇವೆಲ್ಲ ಆನಿ ಇಟ್ಟುಕೊಂಡಿದ್ದ ವಸ್ತುಗಳು. ಅವುಗಳ ಜೊತೆಗೆ ತಾಯಿ ಸೇರಿಸಿದ್ದ ಕೆಲವು ಸಂಗತಿಗಳಿದ್ದವು. ಮಡಿಸಿದ ಕಾಗದದೊಳಗೆ ಮಗಳ ಕೂದಲಿನ ಒಂದು ಕುರುಳಿತ್ತು. ಮಾಲ್ವರ್ನಿನ ಇಗರ್ಜಿಯ ಅಂಗಳದಲ್ಲಿ ಸಮಾಧಿ ಎಲ್ಲಿದೆಯೆಂದು ಗುರುತು ಮಾಡಿದ ನಕ್ಷೆಯಿತ್ತು. ಇವುಗಳ ನಡುವೆ, ತಂದೆಯ ಕೈಬರಹದ ಒಂದು ಹಾಳೆ: ಮನೆಯಲ್ಲಿಯೇ ಚಿಕಿತ್ಸೆ ನಡೆಸಿದ ಆ ತಿಂಗಳುಗಳಲ್ಲಿ ದಿನಾಂಕಗಳನ್ನು ಸಾಲಾಗಿ ಬರೆದು, ಹಗಲು ಹೇಗಿದ್ದಳು, ರಾತ್ರಿ ಹೇಗಿದ್ದಳು ಎಂದು ಆತ ಗುರುತು ಹಾಕುತ್ತ ಬಂದಿದ್ದ ಅದೇ ಹಾಳೆ.